ಕಡಿಯದೆ ಒಳಗೆ ದಾರಿಯಿಲ್ಲ

ಫೂ, ಫೂ ಎಂದು ಯಾರೋ ಮೈಕಿಗೆ ಊದಿದರು. ಕುಂಯ್ಯೆಂದು ಕಿವಿ ಕೊರೆಯುವ ಒಂದು ಕೂಗು ಎದ್ದು ಅಡಗಿತು. ಅದರ ಹಿಂದೆಯೇ "ಹಲೋ, ಹಲೋ, ಕೇಳಿಸ್ತಾ ಇದ್ಯಾ?" ಸರಸ್ವತಿಪುರಂನ ಆ ರಸ್ತೆಯ ತುದಿಯ ಪಾರ್ಕಿನಲ್ಲಿ ಹುಟ್ಟಿದ ಸದ್ದು ಎರಡು ಟ್ಯುಟೋರಿಯಲ್ಲುಗಳನ್ನೂ ಒಂದು ದೋಸೆ ಹೋಟೆಲನ್ನೂ ಹಾದು, ಬಿಸಿಲು ಬಿದ್ದ ನೀಲಮ್ಮನ ಜಗಲಿಗೆ ಬಂದು ಕೂತಿತು.

"ಕೇಳಿಸ್ತಾ ಇದೆ ಕಣಪ್ಪ. ಬೆಟ್ಟದ ಮೇಲಿರೋ ನಂದಿಗೂ ಕೇಳಿಸ್ತಾ ಇದೆ," ಎಂದಳು ನೀಲಮ್ಮ, ತಲೆ ಎತ್ತದೆ.

ಅವಳು ಅವರೆಕಾಳು ನೆನೆಹಾಕುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಮೈಸೂರಿನಲ್ಲಿ ಅವರೆಕಾಯಿಯ ಸೊಗಡು ಹತ್ತದ ಅಡುಗೆಮನೆ ಇರುವುದಿಲ್ಲ. ನೀಲಮ್ಮನ ಮನೆಯಲ್ಲಂತೂ ಮೇಲಿನ ಅಂತಸ್ತಿನ ತುಂಬ ಪಿಜಿ ಹುಡುಗಿಯರು. ಹಿತುಕಿದ ಬೇಳೆ ಸಾರು ಎಂದರೆ ತಟ್ಟೆ ಹಿಡಿದು ಮೆಟ್ಟಿಲ ಮೇಲೇ ಸಾಲಾಗಿ ಕೂರುವ ಜಾತಿ. ಆದರೆ ಬೇಳೆ ತಾನಾಗಿ ಸಿಪ್ಪೆ ಬಿಡುವುದಿಲ್ಲ. ನೆನೆದ ಕಾಳನ್ನು ಒಂದೊಂದಾಗಿ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿತುಕಬೇಕು. ಪಾತ್ರೆ ಖಾಲಿಯಾಗುವ ಹೊತ್ತಿಗೆ ಬೆರಳು ಸೋತಿರುತ್ತದೆ. ಆ ಕೆಲಸ ಯಾರದು ಎಂಬುದನ್ನು ಆ ಮನೆಯಲ್ಲಿ ಚೌಕಾಬಾರ ತೀರ್ಮಾನಿಸುತ್ತಿತ್ತು. ಮಧ್ಯಾಹ್ನದ ಆಟದಲ್ಲಿ ಸೋತವರು ಸಂಜೆ ಹಿತುಕಬೇಕು. ಇದು ಮನೆಯ ಕಟ್ಟಳೆ.

ಕಟ್ಟಳೆ ನೀಲಮ್ಮನದಲ್ಲ, ಅವಳ ಅತ್ತೆ ಪುಟ್ಟಮಲ್ಲಮ್ಮನದು. ಜಗಲಿಯ ಕಲ್ಲಿನಲ್ಲಿ ಮೊಳೆಯಿಂದ ಕೊರೆದ ಅಡ್ಡ ಐದು, ಉದ್ದ ಐದು ಮನೆಗಳೂ ಆ ಮುದುಕಿಯ ಕೈಕೆಲಸವೇ. ನೀಲಮ್ಮ ಸೊಸೆಯಾಗಿ ಬಂದಾಗ ಮನೆಯಲ್ಲಿ ರುಬ್ಬುವ ಯಂತ್ರವಿರಲಿಲ್ಲ. ಸೋತವರು ನಾಳೆಯ ದೋಸೆಗೆ ಹಿಟ್ಟು ರುಬ್ಬಬೇಕಿತ್ತು. ಹೊಸ ಸೊಸೆ ಸೋತಳು, ರುಬ್ಬಿದಳು. ಮಾರನೆಯ ದಿನವೂ ಸೋತಳು, ರುಬ್ಬಿದಳು. ಮಲ್ಲಿಗೆ ಮುಡಿದು, ಬಳೆ ಸದ್ದು ಮಾಡುತ್ತ, ಪಾಪದ ಹುಡುಗಿಯಂತೆ ಮುಖ ಮಾಡಿಕೊಂಡು ಕವಡೆ ಹಾಕಿದರೆ ಅತ್ತೆ ಒಂದೆರಡು ಆಟವನ್ನಾದರೂ ಬಿಟ್ಟುಕೊಡಬಹುದು ಎಂದು ಅವಳು ನಂಬಿದ್ದಳು. ಪುಟ್ಟಮಲ್ಲಮ್ಮ ಅವಳ ಕಾಯನ್ನು ಕಡಿದು, ಕಡಿದ ಕಾಯನ್ನು ಎರಡೇ ಬೆರಳಲ್ಲಿ, ಸತ್ತ ಜಿರಳೆಯನ್ನು ಎತ್ತುವ ಹಾಗೆ ಎತ್ತಿ ಆಚೆ ಇಡುತ್ತಿದ್ದಳು.

"ಕಡೀದೆ ಒಳಕ್ಕೆ ಬುಡಾಕಿಲ್ಲ ಕಣಮ್ಮಿ," ಎನ್ನುತ್ತಿದ್ದಳು. "ನೀನು ಸುತ್ತಾನೇ ಇರು. ಸುತ್ತಿ ಸುತ್ತಿ ನನ್ನ ಜಗಲಿ ಸವೆಸು."

ಆಟದ ನಿಯಮವೇ ಹಾಗೆ. ಕಾಯಿಗಳು ಮೊದಲು ಹೊರಸುತ್ತಿನ ಮನೆಗಳಲ್ಲಿ ಓಡಬೇಕು, ಆಮೇಲೆ ಒಳಸುತ್ತು, ಕೊನೆಗೆ ನಡುಮನೆ ಸೇರಿ ಹಣ್ಣಾಗಬೇಕು. ಆದರೆ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಕಾಲಿಡುವಂತಿಲ್ಲ. ಯಾರನ್ನೂ ನೋಯಿಸದೆ, ಬದಿಬದಿಯಲ್ಲಿ ತಪ್ಪಿಸಿಕೊಂಡು ಓಡಾಡಿದವರು ಕೊನೆಯವರೆಗೂ ಬೀದಿಯಲ್ಲೇ. ಗೆರೆ ಎಳೆದು ಅಡ್ಡಗೀಟು ಹಾಕಿದ ಮನೆಗೆ ಕಟ್ಟೆ ಎಂದು ಹೆಸರು. ಅಲ್ಲಿ ಕೂತ ಕಾಯನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಹೊಸ ಸೊಸೆ ಕಟ್ಟೆ ಸಿಕ್ಕರೆ ಇಳಿಯುತ್ತಲೇ ಇರಲಿಲ್ಲ. ಅದನ್ನು ನೋಡಿದರೆ ಪುಟ್ಟಮಲ್ಲಮ್ಮನಿಗೆ ಮೈಯೆಲ್ಲ ಉರಿ.

"ಕಟ್ಟೆ ಮೇಲೆ ಕೂತ್ಕೊಳ್ಳೋಕೆ ನೀನೇನು ಅರಳಿಮರದ ನಾಗರಕಲ್ಲಾ? ಇಳಿಯೆ."

ಮದುವೆಯಾದ ಮೂರನೆಯ ವರ್ಷ ನೀಲಮ್ಮನ ಮೊದಲ ಮಗು ಹೊಟ್ಟೆಯಲ್ಲೇ ಹೋಯಿತು. ಇಡೀ ರಸ್ತೆ ಬಂದು ಅವಳ ಹಾಸಿಗೆಯ ಸುತ್ತ ಕೂತು ಪಾಪ, ಪಾಪ ಎಂದಿತು. ಬಂದವರಿಗೆಲ್ಲ ಕಾಫಿಯಾಯಿತು. ಲೋಟ ಕೆಳಗಿಟ್ಟ ಮೇಲೆ ಅವರು ಬೇರೆ ಮನೆಗಳ ಪಾಪಗಳನ್ನೂ ಅಲ್ಲೇ ಕೂತು ಮಾತಾಡಿದರು. ನೀಲಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಊಟ ಬಿಟ್ಟಿದ್ದಳು. ಗಂಡ ಗುರುಮಲ್ಲಪ್ಪ ದೇವರಾಜ ಮಾರುಕಟ್ಟೆಯ ತನ್ನ ಬೆಲ್ಲದ ಅಂಗಡಿಯಿಂದ ಬಂದವನು ಬಾಗಿಲಲ್ಲಿ ನಿಂತು ಫ್ಯಾನಿನ ಸ್ವಿಚ್ಚು ಹಾಕಿ ಆರಿಸಿ ಮಾಡುತ್ತಿದ್ದ. ಬಾಣಂತಿತನದಷ್ಟೇ ದಿನ ಕಳೆಯಿತು. ಒಂದು ಮಧ್ಯಾಹ್ನ ಪುಟ್ಟಮಲ್ಲಮ್ಮ ಒಳಗೆ ಬಂದು, ಸೊಸೆಯ ತಲೆಯ ಬಳಿ ನಾಲ್ಕು ಕವಡೆಗಳನ್ನು ಗಲಗಲ ಅನ್ನಿಸಿ, "ಬಾ" ಎಂದಳು.

ರಾಕ್ಷಸಿ ಎಂದುಕೊಂಡೇ ನೀಲಮ್ಮ ಎದ್ದು ಹೋದಳು. ಮುದುಕಿ ಅವಳನ್ನು ಎಂದಿನಂತೆ ಕಡಿದು, ಎಂದಿನಂತೆ ಸೋಲಿಸಿ, ಎಂದಿನಂತೆ ರುಬ್ಬುವ ಕಲ್ಲು ತೋರಿಸಿದಳು. ಕಲ್ಲು ತಿರುಗಿಸುತ್ತ ತಿರುಗಿಸುತ್ತ ನೀಲಮ್ಮ ಮೊದಲ ಸಲ ಅತ್ತಳು, ಎಷ್ಟು ಅತ್ತಳೆಂದರೆ ಹಿಟ್ಟಿಗೆ ಉಪ್ಪು ಹಾಕುವುದನ್ನು ಮರೆತಳು. ಆ ರಾತ್ರಿ ಹೊಟ್ಟೆ ತುಂಬ ಉಂಡಳು. ಪಾಪ ಎಂದವರ ಮುಖ ಯಾವುದೂ ಈಗ ಅವಳಿಗೆ ನೆನಪಿಲ್ಲ. ಆ ಕವಡೆಗಳ ಸದ್ದು ನೆನಪಿದೆ.

ಇನ್ನೂ ಎಷ್ಟೋ ವರ್ಷದ ಮೇಲೆ ಅವಳು ಅತ್ತೆಯನ್ನು ಗೆದ್ದಳು. ಪುಟ್ಟಮಲ್ಲಮ್ಮ ಸೊಂಟ ಹಿಡಿದುಕೊಂಡು ಎದ್ದು ಹೋಗಿ ರುಬ್ಬುವ ಕಲ್ಲಿನ ಮುಂದೆ ಕೂತಳು.

"ಬಿಡಿ ಅತ್ತೆ, ನಾನು ರುಬ್ತೀನಿ," ಎಂದು ನೀಲಮ್ಮ ಓಡಿದಳು.

ಮುದುಕಿ ಅವಳನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು. "ಗೆದ್ದೋಳು ಎದ್ದೋಗಮ್ಮಿ ಅತ್ಲಾಗೆ. ಗೆದ್ದು ಸೇವೆ ಮಾಡ್ತಾಳಂತೆ, ಸೇವೆ!"

ನೀಲಮ್ಮನ ಆಯುಷ್ಯದಲ್ಲಿ ಯಾರೂ ಅವಳಿಗೆ ಅಷ್ಟು ದೊಡ್ಡ ಮರ್ಯಾದೆ ಕೊಟ್ಟಿರಲಿಲ್ಲ.

ಮುದುಕಿ ಹೋದಳು. ಬೆಲ್ಲದ ಅಂಗಡಿಯೂ ಹೋಯಿತು. ಮೇಲಿನ ಅಂತಸ್ತು ಪಿಜಿಯಾಯಿತು. ಗಂಡನನ್ನು ಎದುರಿಗೆ ಕೂರಿಸಿಕೊಂಡು ನೀಲಮ್ಮ ಕೆಲವು ಕಾಲ ಆಡಿದಳು. ಗುರುಮಲ್ಲಪ್ಪ ಸೋಲುವುದರಲ್ಲಿ ಎಷ್ಟು ಪಳಗಿದವನೆಂದರೆ ಕವಡೆ ಕೈಗೆ ತೆಗೆದುಕೊಳ್ಳುವ ಮೊದಲೇ ಕಾಳಿನ ಪಾತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದ. ಅವನನ್ನು ಗೆದ್ದರೆ ಜಗಲಿ ಗುಡಿಸಿದಷ್ಟು ಸಂತೋಷ. ಬಡಾವಣೆಯ ಹೆಂಗಸರಿಗೆ ಆಟ ಬರುತ್ತಿತ್ತು, ಕಡಿಯುವುದಕ್ಕೆ ಧೈರ್ಯ ಬರುತ್ತಿರಲಿಲ್ಲ. "ಅಯ್ಯೋ, ಸಾರಿ ಕಣ್ರೀ" ಎಂದು ಕಡಿಯುವವರನ್ನು ಕಂಡರೆ ನೀಲಮ್ಮನಿಗೆ ಬಾಯಿಗೆ ಹರಳೆಣ್ಣೆ ಬಿದ್ದ ಹಾಗೆ. ಸಾರಿ ಅಂದಮೇಲೆ ಕಡಿಯಬೇಡ, ಕಡಿದಮೇಲೆ ಸಾರಿ ಅನ್ನಬೇಡ.

ಹೀಗಿರುವಾಗ ಎರಡು ವರ್ಷದ ಹಿಂದೆ ಕೊಳ್ಳೇಗಾಲದ ಕಡೆಯಿಂದ ಎಂ.ಕಾಂ. ಓದಲು ಬಂದ ಬಿಂದು ಮೇಲಿನ ಕೋಣೆ ಸೇರಿದಳು. ಕಡ್ಡಿಯಂಥ ಹುಡುಗಿ, ಮಾತು ಮಾತ್ರ ಒನಕೆ. ಬಂದ ದಿನವೇ "ಆಂಟಿ, ಬಿಸಿನೀರು ಬರ್ತಿಲ್ಲ" ಎಂದಳು.

"ಆಂಟಿ ಅನ್ಬೇಡ. ನಾನೇನು ನಿಮ್ಮಪ್ಪನ ತಮ್ಮನ ಹೆಂಡ್ತಿನಾ?"

"ಅವರಾಗಿದ್ರೆ ಬಿಸಿನೀರು ಕೊಡ್ತಿದ್ರು ಬಿಡಿ, ನೀಲಮ್ಮೋರೆ."

ನೀಲಮ್ಮ ಅವತ್ತೇ ಅವಳನ್ನು ಜಗಲಿಗೆ ಕರೆದಳು. ಬಿಂದು ಸೋತಳು, ಬೈದಳು, ಬೆಳ್ಳುಳ್ಳಿ ಸುಲಿದಳು. ಮಾರನೆಯ ದಿನ ಕಾಲೇಜಿನಿಂದ ಬಂದವಳೇ ಚೀಲ ಎಸೆದು ಕವಡೆ ಎತ್ತಿಕೊಂಡಳು. ವರ್ಷ ತಿರುಗುವಷ್ಟರಲ್ಲಿ ಮೂರಕ್ಕೆ ಒಂದಾಟ ಗೆಲ್ಲತೊಡಗಿದಳು. ನೀಲಮ್ಮನ ಕಾಯಿ ಕಡಿದಾಗ "ಹೋಗಿ ಬನ್ನಿ, ನಮಸ್ಕಾರ" ಎಂದು ಕೈಮುಗಿಯುತ್ತಿದ್ದಳು. ನೀಲಮ್ಮ ಅವಳನ್ನು ಶನಿ ಎಂದಳು, ಗೂಬೆ ಎಂದಳು, ಅವಳಿಗೆಂದು ದೋಸೆಯ ಮೇಲೆ ಬೆಣ್ಣೆ ಹೆಚ್ಚು ಹಾಕಿದಳು.

ಕಳೆದ ಮಳೆಗಾಲದಲ್ಲಿ, ಲಿಂಗಪೂಜೆ ಮುಗಿಸಿ ಏಳುತ್ತಿದ್ದಾಗ, ನೀಲಮ್ಮನ ಬಲಗೈಯಿಂದ ವಿಭೂತಿಯ ಗಟ್ಟಿ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಕೈ ಬರಲಿಲ್ಲ, ಬಾಯಿಯೂ ಒಂದು ಕಡೆಗೆ ಎಳೆಯಿತು. ಆಸ್ಪತ್ರೆಗೆ ಬೇಗ ಸೇರಿಸಿದ್ದರಿಂದ ಮಾತು ಮರಳಿತು, ಕಾಲು ಮರಳಿತು. ಬಲಗೈಯ ಬೆರಳು ಮಾತ್ರ ಅರ್ಧ ಮನಸ್ಸಿನ ಆಳುಗಳ ಹಾಗೆ, ಹೇಳಿದ್ದನ್ನು ಕೇಳಿಸಿಕೊಂಡು ತಮಗೆ ತೋಚಿದ್ದನ್ನು ಮಾಡುತ್ತಿದ್ದವು. ಫಿಜಿಯೋಥೆರಪಿಯವರು ಹಿಸುಕುವುದಕ್ಕೆ ಹಸಿರು ರಬ್ಬರಿನ ಚೆಂಡು ಕೊಟ್ಟರು. ನೀಲಮ್ಮ ಅದನ್ನು ಮಕ್ಕಳಾಟಿಕೆಯೆಂದು ಟಿವಿಯ ಮೇಲಿಟ್ಟಳು. ರಸ್ತೆ ಮತ್ತೆ ಬಂತು, ಮೂಸಂಬಿ ಹಿಡಿದು. ಮತ್ತೆ ಪಾಪ, ಪಾಪ. ಇಷ್ಟು ವರ್ಷದಲ್ಲಿ ಈ ಜನ ಒಂದು ಹೊಸ ಮಾತನ್ನೂ ಕಲಿಯಲಿಲ್ಲವಲ್ಲ ಎಂದು ಅವಳಿಗೆ ಹೇವರಿಕೆಯಾಯಿತು.

ಜಗಲಿಯಲ್ಲಿ ಮತ್ತೆ ಆಟ ಶುರುವಾಯಿತು. ನೀಲಮ್ಮ ಬಲಗೈಯಲ್ಲೇ ಕವಡೆ ಹಾಕುತ್ತಿದ್ದಳು. ಹಾಕುತ್ತಿದ್ದಳು ಎನ್ನುವುದಕ್ಕಿಂತ ಅವು ಅವಳ ಕೈಯಿಂದ ಉದುರುತ್ತಿದ್ದವು. ಆದರೂ ಗೆದ್ದಳು. ಮರುದಿನವೂ ಗೆದ್ದಳು. ದೀಪಾವಳಿ ಕಳೆಯಿತು, ಅವರೆಕಾಯಿ ಬಂತು, ಅವಳು ಗೆಲ್ಲುತ್ತಲೇ ಇದ್ದಳು. ಬಿಂದು ಗೊಣಗದೆ, ನಗುನಗುತ್ತ ಕೂತು ಕಾಳು ಹಿತುಕಿದಳು. ಬೈಗುಳವಿಲ್ಲ, ನಮಸ್ಕಾರವಿಲ್ಲ.

"ನಿನ್ನ ಅದೃಷ್ಟ ಕೊಳ್ಳೇಗಾಲದ ಬಸ್ಸಲ್ಲೇ ಬಿಟ್ಟು ಬಂದ್ಯಾ?" ಎಂದು ನೀಲಮ್ಮ ಅಣಕಿಸಿದಳು.

"ನಿಮ್ಮ ಕೈಗುಣ ನೀಲಮ್ಮೋರೆ."

ಕೈಗುಣ! ಆ ಮಾತು ಮುಳ್ಳಾಗಿ ಚುಚ್ಚಿದ್ದು ನಿಜ. ಆದರೆ ಗೆಲುವೂ ಬೆಲ್ಲದಂಥದೇ, ಯಾರು ಕೊಟ್ಟರೂ ಬಾಯಲ್ಲಿ ಕರಗುತ್ತದೆ. ನೀಲಮ್ಮ ಚುಚ್ಚಿದ್ದನ್ನು ಮರೆತಂತೆ ಮಾಡಿ, ಕರಗಿದ್ದನ್ನು ನುಂಗಿದಳು. ಒಂದು ಸಂಜೆ ಯಾರೂ ಇಲ್ಲದಾಗ ಪಾತ್ರೆಯಿಂದ ಒಂದು ಕಾಳು ತೆಗೆದು ಬಲಗೈಯಲ್ಲಿ ಹಿತುಕಿ ನೋಡಿದಳು. ಬೇಳೆ ಚಿಮ್ಮಲಿಲ್ಲ. ಸಿಪ್ಪೆಯೊಳಗೇ ನುಜ್ಜಾಯಿತು. ಅದನ್ನು ಬಾಯಿಗೆ ಹಾಕಿಕೊಂಡು, ಸಾಕ್ಷಿ ಉಳಿಸದೆ ಎದ್ದಳು.

ಆ ಹೊತ್ತಿಗೇ ಸಿದ್ದಲಿಂಗಸ್ವಾಮಿ ಬಂದದ್ದು. ಅವರು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷ, ನಿವೃತ್ತ ಅಧಿಕಾರಿ. ನಿವೃತ್ತರಾದ ಮೇಲೆ ಸಹಿ ಹಾಕಲು ಏನೂ ಉಳಿಯದೆ, ಮೈಕು ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡವರು.

"ಅಕ್ಕೋರೆ, ಈ ಸಲ ಸಂಕ್ರಾಂತಿಗೆ ಸಂಘದಿಂದ ಚೌಕಾಬಾರ ಸ್ಪರ್ಧೆ. ನೀವು ಆಡ್ಲೇಬೇಕು. ಫೈನಲ್ ದಿನ ಅಭಿರಾಮ್ ಅಂತ ಬರ್ತಾರೆ, ಭಾರಿ ಭಾಷಣಕಾರರು. ಟ್ಯುಟೋರಿಯಲ್ ಮಕ್ಕಳಿಗೆಲ್ಲ ಸ್ಫೂರ್ತಿ ತುಂಬೋರು. ‘ಸೋಲನ್ನೇ ಸೋಲಿಸಿದವರು’ ಅಂತ ವಿಷಯ."

"ಅವರು ಯಾವುದರಲ್ಲಿ ಸೋತಿದ್ರಂತೆ?"

"ಸೋತಿರಬೇಕು ಎಲ್ಲಾದ್ರೂ," ಎಂದರು ಸಿದ್ದಲಿಂಗಸ್ವಾಮಿ. "ವಿಷಯ ಅದಲ್ಲ. ನಿಮ್ಮಂಥೋರು ವೇದಿಕೆ ಮೇಲಿದ್ರೆ ಅವರ ಮಾತಿಗೊಂದು ತೂಕ. ಈ ಪರಿಸ್ಥಿತೀಲೂ..."

"ಯಾವ ಪರಿಸ್ಥಿತಿ?"

ಗುರುಮಲ್ಲಪ್ಪ ಹಿಂದಿನಿಂದ ಕೈಸನ್ನೆ ಮಾಡಿದ. ಅಧ್ಯಕ್ಷರು ಮಾತು ಬದಲಿಸಿ ಕಾಫಿ ಚೆನ್ನಾಗಿದೆ ಎಂದರು. ಕಾಫಿ ಇನ್ನೂ ಬಂದೇ ಇರಲಿಲ್ಲ.

ನೀಲಮ್ಮ ಹೆಸರು ಕೊಟ್ಟಳು. ಅವಳಿಗೆ ಬೇಕಿದ್ದದ್ದು ಬಹುಮಾನದ ಕುಕ್ಕರಲ್ಲ. ಮನೆಯಲ್ಲಿ ಕುಕ್ಕರುಗಳಿಗೆ ಬರವಿರಲಿಲ್ಲ. ಜಗಲಿಯ ಗೆಲುವು ನಿಜವೋ ಸುಳ್ಳೋ ಎಂದು ಅವಳಿಗೆ ಗೊತ್ತಾಗಬೇಕಿತ್ತು. ಎದುರಿಗೆ ಕೂತವರು ಇನ್ನೂ ತನಗೆ ಹೆದರಿ ಆಡುತ್ತಾರೋ, ಇಲ್ಲ ತಾನು ಇನ್ನು ಮೇಲೆ ಬರೀ ಮೂಸಂಬಿ ತಿನ್ನುವ ಮುದುಕಿಯೋ. ಇದನ್ನು ಅವಳು ಯಾರಿಗೂ ಹೇಳಲಿಲ್ಲ.

ಮೊದಲ ಸುತ್ತಿನಲ್ಲಿ ಸುಷ್ಮಾ ಎಂಬಾಕೆ ಸಿಕ್ಕಳು. ಆಕೆಯ ಆಟವೇ ಕಳಪೆ, ಅದರಿಂದ ಏನೂ ತಿಳಿಯಲಿಲ್ಲ. ಎರಡನೆಯದರಲ್ಲಿ ನಿವೃತ್ತ ಉಪನ್ಯಾಸಕಿ ವಾಣಿ. ಆಟದ ಉದ್ದಕ್ಕೂ ಆಕೆ ನೀಲಮ್ಮನ ಕೈಯನ್ನು ನೋಡುತ್ತ, ತುಟಿ ಕಚ್ಚಿಕೊಂಡು, ಕೊನೆಗೆ ಸೋತು ಅಪ್ಪಿಕೊಂಡರು. ಸೋತವರು ಅಪ್ಪಿಕೊಂಡಾಗಲೇ ನೀಲಮ್ಮನಿಗೆ ವಾಸನೆ ಹತ್ತಬೇಕಿತ್ತು. ಹತ್ತಿತು ಕೂಡ. ಆದರೆ ಫೈನಲಿನಲ್ಲಿ ಎದುರಾಳಿ ಬಿಂದು. ಎಲ್ಲರ ಮುಂದೆ, ಮೈಕಿನ ಮುಂದೆ, ಕೊಳ್ಳೇಗಾಲದ ಆ ಗೂಬೆ ಸುಮ್ಮನೆ ಸೋಲುವವಳಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮೈಕಿನ ಕೂಗು ಮತ್ತೆ ಕೇಳಿದಾಗ ಸೆರಗು ಕೊಡವಿ, ಕಾಳಿನ ಪಾತ್ರೆಗೆ ತಟ್ಟೆ ಮುಚ್ಚಿ, ಪಾರ್ಕಿಗೆ ಹೊರಟಳು.

ಶಾಮಿಯಾನದಡಿ ಜಮಖಾನ ಹಾಸಿ, ಅದರ ಮೇಲೆ ಫ್ಲೆಕ್ಸಿನ ಚೌಕಾಬಾರ ಹರಡಿದ್ದರು. ನಾಲ್ಕು ಮೂಲೆಯಲ್ಲೂ ಪ್ರಾಯೋಜಕರ ಮುಖ. ನಡುಮನೆಯಲ್ಲಿ, ಕಾಯಿ ಹಣ್ಣಾಗಬೇಕಾದ ಜಾಗದಲ್ಲಿ, ಸಿದ್ದಲಿಂಗಸ್ವಾಮಿಯವರೇ ಕೈಮುಗಿದು ನಗುತ್ತಿದ್ದರು. ಅವರ ತಲೆಯ ಮೇಲೆ ಕಾಯಿ ಇಟ್ಟರೇ ಗೆಲುವು. ವೇದಿಕೆಯ ಮೇಲೆ ಅಭಿರಾಮ್ ಎಂಬ ತರುಣ, ಕಿವಿಯಿಂದ ಕೆನ್ನೆಗೆ ಕಡ್ಡಿಯಂಥ ಮೈಕು ಇಳಿಬಿಟ್ಟುಕೊಂಡು, ಯಾರೂ ಇನ್ನೂ ಏನೂ ಹೇಳದಿದ್ದರೂ ಮೆಚ್ಚುಗೆಯಿಂದ ತಲೆಯಾಡಿಸುತ್ತಿದ್ದ.

ಆಟ ಶುರುವಾಯಿತು. ಆರಂಭದಲ್ಲೇ ನೀಲಮ್ಮ ಬಿಂದುವಿನ ಒಂದು ಕಾಯಿ ಕಡಿದಳು. ಜನ ಚಪ್ಪಾಳೆ ತಟ್ಟಿದರು. ಒಳಸುತ್ತಿಗೆ ದಾರಿಯಾಯಿತು. ಅವಳ ಒಂದು ಕಾಯಿ ಅಧ್ಯಕ್ಷರ ತಲೆ ಸೇರಿತು, ಇನ್ನೊಂದು ಸೇರಿತು, ಮೂರನೆಯದೂ ಸೇರಿತು. ಪ್ರತಿ ಸಲವೂ ಚಪ್ಪಾಳೆ. ಬಿಂದುವಿನ ಕಾಯಿಗಳು ಮಾತ್ರ ಹೊರಸುತ್ತಿನಲ್ಲೇ, ರಿಂಗ್ ರಸ್ತೆಯ ಬಸ್ಸಿನ ಹಾಗೆ, ಸುತ್ತುತ್ತಲೇ ಇದ್ದವು.

ಸುಮ್ಮನೆ ಸೋಲಬೇಕೆಂದವರು ಚೌಕಾಬಾರದಲ್ಲಿ ಸಿಕ್ಕಿಬೀಳುವುದೇ ಹೀಗೆ. ಬೇರೆ ಆಟಗಳಲ್ಲಿ ಸೋಲನ್ನು ಬಚ್ಚಿಡಬಹುದು. ಇಲ್ಲಿ ಕಡಿಯದವಳ ಕಾಯಿಗಳು ಹೊರಗೇ ತಿರುಗುತ್ತ, ತಮ್ಮ ಒಡತಿಯ ದಯೆಯನ್ನು ಊರಿಗೆಲ್ಲ ಸಾರುತ್ತವೆ. ನೀಲಮ್ಮನ ಕೊನೆಯ ಕಾಯಿ ಕಟ್ಟೆಯಿಲ್ಲದ ಬಯಲುಮನೆಯಲ್ಲಿ ಒಂಟಿಯಾಗಿ ನಿಂತಿತ್ತು. ಎರಡು ಮನೆ ಹಿಂದೆ ಬಿಂದುವಿನ ಕಾಯಿ. ಬಿಂದು ಕವಡೆ ಹಾಕಿದಳು. ಎರಡು ಬಿತ್ತು. ಅವಳು ಎಲ್ಲೋ ದೂರದಲ್ಲಿದ್ದ ಬೇರೆ ಕಾಯನ್ನು ಎತ್ತಿ ಎರಡು ಮನೆ ನಡೆಸಿದಳು.

ಜನ ಚಪ್ಪಾಳೆಗೆ ಕೈ ಎತ್ತಿದ್ದರು. ನೀಲಮ್ಮ ಕವಡೆ ಮುಟ್ಟಲಿಲ್ಲ.

"ಇದನ್ನ ಯಾಕೆ ಕಡೀಲಿಲ್ಲ?"

"ಕಾಣ್ಲಿಲ್ಲ ನೀಲಮ್ಮೋರೆ."

"ಸಾರಲ್ಲಿ ಒಂದು ಕಲ್ಲಿದ್ರೆ ಮಹಡಿ ಮೇಲಿಂದ ಕಾಣುತ್ತೆ ನಿಂಗೆ. ಇದು ಕಾಣ್ಲಿಲ್ವಾ?"

ಬಿಂದು ಫ್ಲೆಕ್ಸಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು. ಮೈಕಿನಲ್ಲಿ ಸಿದ್ದಲಿಂಗಸ್ವಾಮಿ, "ಆಟ ಮುಂದುವರೀಲಿ, ಮುಂದುವರೀಲಿ. ಅಕ್ಕೋರಿಗೆ ಒಂದು ಚಪ್ಪಾಳೆ," ಎಂದರು.

"ಯಾರು ಹೇಳಿದ್ದು ನಿಂಗೆ?" ನೀಲಮ್ಮನ ದನಿ ಏರಲಿಲ್ಲ. ಏರದಿದ್ದಾಗಲೇ ಅದು ಕೆಟ್ಟದ್ದು.

"ಅಧ್ಯಕ್ಷರು ಎಲ್ಲರಿಗೂ ಹೇಳಿದ್ರು. ನೀವು ಗೆದ್ರೆ ಕಾರ್ಯಕ್ರಮಕ್ಕೆ ಚೆಂದ ಅಂತ." ಬಿಂದು ಮೊದಲ ಸಾಲಿನ ಕಡೆ ನೋಡಿದಳು. "ಮನೇಲಿ ನಿಮ್ಮ ಯಜಮಾನ್ರು ಹೇಳಿದ್ರು. ನಿಮ್ಮ ಮನಸ್ಸಿಗೆ ಬೇಜಾರಾಗಬಾರದು, ಡಾಕ್ಟರ್ ಹೇಳವ್ರೆ ಅಂತ. ಆಸ್ಪತ್ರೆಯಿಂದ ಬಂದಾಗಿನಿಂದ."

ನೀಲಮ್ಮ ತಲೆ ತಿರುಗಿಸಿ ಗಂಡನನ್ನು ಹುಡುಕಿದಳು. ಗುರುಮಲ್ಲಪ್ಪ ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಎಳ್ಳುಬೆಲ್ಲದ ಪೊಟ್ಟಣ ಹಿಡಿದು, ಅದರೊಳಗೆ ಏನೋ ಬಹಳ ಮುಖ್ಯವಾದದ್ದು ಕಳೆದುಹೋಗಿದೆ ಎನ್ನುವ ಹಾಗೆ ನೋಡುತ್ತ ಕೂತಿದ್ದ.

ದೀಪಾವಳಿಯಿಂದ ನುಂಗಿದ ಬೆಲ್ಲವೆಲ್ಲ ಅವಳ ಗಂಟಲಿಗೆ ಬಂತು. ಎಲ್ಲರ ಮೇಲೂ ಅಸಹ್ಯವಾಯಿತು. ಎಲ್ಲರಿಗಿಂತ ಹೆಚ್ಚಾಗಿ, ಗೊತ್ತಿದ್ದೂ ನುಂಗಿದ ತನ್ನ ಮೇಲೇ. ಅವಳು ಎಡಗೈ ಚಾಚಿ, ಹಣ್ಣಾಗಿದ್ದ ತನ್ನ ಮೂರು ಕಾಯಿಗಳನ್ನೂ ಅಧ್ಯಕ್ಷರ ತಲೆಯ ಮೇಲಿಂದ ಎತ್ತಿ ಮೊದಲ ಮನೆಗೆ ತಂದಿಟ್ಟಳು. ಬಯಲಿನಲ್ಲಿದ್ದ ನಾಲ್ಕನೆಯದನ್ನೂ ತಂದಿಟ್ಟಳು.

"ನಿನ್ನವೂ ಇಡು. ಮೊದಲಿಂದ ಆಡೋಣ."

"ಅಕ್ಕೋರೆ, ಅತಿಥಿಗಳಿಗೆ ಬೇರೆ ಕಡೆ ಕಾರ್ಯಕ್ರಮ ಇದೆ..." ಮೈಕು ಬೇಡಿಕೊಂಡಿತು.

"ಅವರು ಮಾತಾಡ್ಲಿ ಸ್ವಾಮಿ, ಯಾರು ಬೇಡ ಅಂದ್ರು? ಸೋಲಿನ ವಿಚಾರ ತಾನೇ? ನಾವಿಲ್ಲಿ ಅದನ್ನೇ ಮಾಡ್ತಾ ಇರ್ತೀವಿ."

ಯಾರೋ ನಕ್ಕರು. ಅಭಿರಾಮ್ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಆತ್ಮೀಯರೇ, ಸೋಲು ಎಂದರೇನು?" ಎಂದು ಶುರುಮಾಡಿದ.

ಜಮಖಾನದ ಮೇಲೆ ಬಿಂದು ಇನ್ನೂ ಹಿಂಜರಿಯುತ್ತಿದ್ದಳು. ಮೊದಲ ಅವಕಾಶ ಬಂದಾಗ ಅವಳ ಕೈ ಕಾಯಿಯ ಮೇಲೆ ತಡೆಯಿತು. ನೀಲಮ್ಮ ಮುಂದೆ ಬಾಗಿದಳು.

"ಏನೇ, ಕೈ ನಡುಗ್ತಾ ಇದ್ಯಾ? ಲಕ್ವ ನಂಗೆ ಹೊಡೆದಿದ್ದು ಕಣೆ, ನಿಂಗಲ್ಲ. ಇಷ್ಟು ದಿನ ನನ್ನ ಮನೆ ಬೆಣ್ಣೆ ತಿಂದು ನಂಗೇ ಭಿಕ್ಷೆ ಹಾಕ್ತಿದ್ಯಲ್ಲ, ನಾಚ್ಕೆ ಆಗಲ್ವಾ? ಕಡೀತೀಯೋ, ಇಲ್ಲ ಗಂಟು ಮೂಟೆ ಕಟ್ಕೊಂಡು ಬೇರೆ ಪಿಜಿ ನೋಡ್ಕೋತೀಯೋ?"

ಬಿಂದುವಿನ ಕಿವಿ ಕೆಂಪಾಯಿತು. ತುಟಿ ಬಿಗಿಯಾಯಿತು. ಅವಳು ಕಾಯಿ ಎತ್ತಿ, ನೀಲಮ್ಮನ ಕಾಯಿಗೆ ಟಪ್ಪೆಂದು ಹೊಡೆದಳು. ಅದು ಪ್ರಾಯೋಜಕರೊಬ್ಬರ ಮುಖದ ಮೇಲೆ ಹೋಗಿ ಬಿತ್ತು.

"ಅಯ್ಯೋ ಪಾಪ," ಎಂದಿತು ಹಿಂದಿನ ಸಾಲು.

"ಯಾರದು ಪಾಪ ಅಂದಿದ್ದು?" ನೀಲಮ್ಮ ತಿರುಗದೆಯೇ ಕೇಳಿದಳು. "ಮೂಸಂಬಿ ತಂದಿದ್ರೆ ಅಲ್ಲೇ ಕೂತ್ಕೊಂಡು ತಿನ್ನಿ."

ಆಮೇಲೆ ಆಟ. ಹಾಗೆ ಆಟ ನಡೆದು ಎಷ್ಟೋ ತಿಂಗಳಾಗಿತ್ತು. ಬಿಂದು ಕಡಿದಳು, ನೀಲಮ್ಮ ಕಡಿದಳು. ಬಿಂದು ಬಾಯಿ ಬಿಟ್ಟಳು. "ಹೋಗಿ ಬನ್ನಿ, ನಮಸ್ಕಾರ!" ನೀಲಮ್ಮ ಅದಕ್ಕೊಂದು ಮಾತು ಹೇಳಿದಳು, ಅದು ಸಂಘದ ಮೈಕಿಗೆ ತಕ್ಕದ್ದಾಗಿರಲಿಲ್ಲ. ಹಿಂದಿನ ಕುರ್ಚಿಗಳು ಒಂದೊಂದೇ ಮುಂದಕ್ಕೆ ಬಂದವು. ವಾಣಿ ಮೇಡಂ ಜಮಖಾನದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, "ಅದನ್ನಲ್ಲ, ಆ ಕಡೇದು, ಆ ಕಡೇದು!" ಎಂದು ಇಬ್ಬರಿಗೂ ಹೇಳಿಕೊಡುತ್ತಿದ್ದರು. ವೇದಿಕೆಯ ಮೇಲೆ ಅಭಿರಾಮ್ ಬೆಂಕಿಯಲ್ಲಿ ಬೆಂದ ಚಿನ್ನದ ಬಗ್ಗೆ, ಉಳಿಪೆಟ್ಟು ತಿಂದ ಕಲ್ಲಿನ ಬಗ್ಗೆ, ಖಾಲಿ ಕುರ್ಚಿಗಳಿಗೆ ಬಹಳ ಮನಮುಟ್ಟುವಂತೆ ಹೇಳುತ್ತಿದ್ದ.

ಬಲಗೈ ತನ್ನ ಗುಣ ತೋರಿಸಿತು. ನಾಲ್ಕು ಬೇಕಾದಾಗ ಕವಡೆ ಬೆರಳ ಸಂದಿಯಲ್ಲಿ ಸಿಕ್ಕಿಕೊಂಡು, ಒಂದು ಮಾತ್ರ ಫ್ಲೆಕ್ಸಿನಾಚೆ ಉರುಳಿತು. ಹಾಗೆ ಆಚೆ ಹೋದರೆ ಆ ಸರದಿ ಹೋದಂತೆಯೇ.

"ಇನ್ನೊಂದ್ಸಲ ಹಾಕ್ಲಿ ಬಿಡಮ್ಮ," ಎಂದರು ಯಾರೋ.

"ಲೋಟದಲ್ಲಿ ಹಾಕಿ ಕುಲುಕಿ ಬಿಡ್ಲಿ," ಎಂದರು ಇನ್ಯಾರೋ.

"ಹೋದ ಸರದಿ ಹೋಯ್ತು," ಎಂದಳು ಬಿಂದು, ಕವಡೆಗಳನ್ನು ಬಾಚಿಕೊಳ್ಳುತ್ತ. ನೀಲಮ್ಮನಿಗೆ ಆ ಹುಡುಗಿಯ ಮುಖದಲ್ಲಿ ಒಂದು ಗಳಿಗೆ ಪುಟ್ಟಮಲ್ಲಮ್ಮನ ಗಲ್ಲ ಕಂಡಿತು.

ಕೊನೆಗೆ ಇಬ್ಬರದೂ ಮೂರು ಮೂರು ಹಣ್ಣಾಗಿ, ಒಂದೊಂದು ಕಾಯಿ ಉಳಿಯಿತು. ನೀಲಮ್ಮನದು ಕಟ್ಟೆಯ ಮೇಲೆ ಭದ್ರವಾಗಿ ಕೂತಿತ್ತು. ಬಿಂದುವಿನದು ಅದಕ್ಕೆ ಮುಂದೆ, ಬಯಲಿನಲ್ಲಿ. ಮೂರು ಬಿದ್ದರೆ ಕಡಿಯಬಹುದು. ನೀಲಮ್ಮ ಕವಡೆ ಹಾಕಿದಳು. ಎರಡು ಬಿತ್ತು. ಇಳಿದರೆ ಬಯಲು, ಬಿಂದುವಿನ ಕಾಯಿಯ ಬೆನ್ನಿಗೆ ಒಂದೇ ಮನೆ. ಆದರೆ ಬಿಂದು ದೊಡ್ಡದು ಹಾಕಿ ಸುತ್ತಿ ಬಂದರೆ ತಾನೇ ಸಿಗುತ್ತಾಳೆ. ಬೇಡವೆಂದರೆ ನಡೆಸದೆ ಬಿಡಬಹುದು, ಕಟ್ಟೆಯ ಮೇಲೇ ಕೂರಬಹುದು. ಇಡೀ ಜಮಖಾನ "ಅಲ್ಲೇ ಇರ್ಲಿ, ಅಲ್ಲೇ ಇರ್ಲಿ" ಎಂದಿತು.

ನೀಲಮ್ಮ ಇಳಿದಳು.

ಬಿಂದು ಕವಡೆಗಳನ್ನು ಅಂಗೈಯಲ್ಲಿ ಉಜ್ಜಿ ಹಾಕಿದಳು. ನಾಲ್ಕೂ ಮಗುಚಿ ಬಿದ್ದವು. ಎಂಟು, ಬಾರ. ಬಾರ ಬಿದ್ದರೆ ಮತ್ತೊಂದು ಸಲ. ಆಮೇಲೆ ನಾಲ್ಕು, ಅಂದರೆ ಚೌಕ; ಅದಕ್ಕೂ ಇನ್ನೊಂದು ಸಲ, ಮೂರು. ಎಣಿಸಿಕೊಂಡು ಬಂದ ಕಾಯಿ ನೀಲಮ್ಮನ ಕಾಯಿಯ ಮೇಲೇ ಬಂದು ಕೂತಿತು. ಈ ಸಲ ಬಿಂದು ಹೊಡೆಯಲಿಲ್ಲ. ಎರಡೇ ಬೆರಳಲ್ಲಿ, ಸತ್ತ ಜಿರಳೆಯನ್ನು ಎತ್ತುವ ಹಾಗೆ ಎತ್ತಿ, ಆಚೆ ಇಟ್ಟಳು. ಅದನ್ನು ಅವಳಿಗೆ ಕಲಿಸಿದ್ದು ನೀಲಮ್ಮನೇ. ಮುಂದಿನ ಸರದಿಗಳಲ್ಲಿ ಆ ಕಾಯಿ ಒಳಸುತ್ತು ಹಾದು ಹಣ್ಣಾಯಿತು. ನೀಲಮ್ಮನದು ಇನ್ನೂ ಬೀದಿಯಲ್ಲಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಿಂದು ತಲೆ ಎತ್ತಿದಳು. ಕಣ್ಣಲ್ಲಿ ನೀರಿತ್ತೋ ಬೆವರೋ, "ಸೋತ್ರಿ ನೀಲಮ್ಮೋರೆ," ಎಂದಳು.

"ಕಾಣುತ್ತೆ," ಎಂದಳು ನೀಲಮ್ಮ. ಎಷ್ಟೋ ತಿಂಗಳ ಮೇಲೆ ಅವಳಿಗೆ ಹಸಿವಾಗಿತ್ತು.

ಸಿದ್ದಲಿಂಗಸ್ವಾಮಿಗೆ ಮೈಕು ಮರಳಿ ಸಿಕ್ಕಿತು. ಒಂದು ಕೈಯಲ್ಲಿ ಶಾಲು, ಒಂದು ಕೈಯಲ್ಲಿ ಹಣ್ಣಿನ ಬುಟ್ಟಿ. ಬುಟ್ಟಿಯ ಮೇಲೆ ಮೂಸಂಬಿ. "ಮಹನೀಯರೇ, ಸೋತರೂ ಗೆದ್ದವರು ನಮ್ಮ ನೀಲಮ್ಮನವರು! ಈ ಪರಿಸ್ಥಿತಿಯಲ್ಲೂ ಎದೆಗುಂದದ ಈ ತಾಯಿಗೆ ಸಂಘದ ವತಿಯಿಂದ ವಿಶೇಷ ಸ್ಫೂರ್ತಿ ಪ್ರಶಸ್ತಿ..."

ನೀಲಮ್ಮ ಎಡಗೈ ಊರಿ ಎದ್ದಳು. "ಸೋತಿದ್ದೀನಿ ಅಂತ ಹೇಳಿ ಸ್ವಾಮಿ, ಅಷ್ಟೇ ಸಾಕು. ಆ ಶಾಲು ಅವರಿಗೆ ಹೊದಿಸಿ," ಎಂದು ವೇದಿಕೆಯ ಕಡೆ ಗಲ್ಲ ತೋರಿಸಿದಳು. "ಪಾಪ, ಒಬ್ರೇ ಮಾತಾಡಿ ಸುಸ್ತಾಗವ್ರೆ."

ಗುರುಮಲ್ಲಪ್ಪ ಎಳ್ಳುಬೆಲ್ಲದ ಪೊಟ್ಟಣದೊಂದಿಗೆ ಎದ್ದು ಬಂದ. "ನೀಲಾ, ಆಟೋ ಕರೀಲಾ?"

"ನಡೀತೀನಿ ರೀ. ಮನೇಲಿ ಅವರೆಕಾಳು ನೆನೆದು ಕೂತಿದೆ."

"ಬಿಂದು ಹಿತುಕ್ತಾಳೆ ಬುಡು..."

"ಗೆದ್ದೋಳು ಯಾಕ್ರೀ ಹಿತುಕ್ತಾಳೆ?" ಎನ್ನುತ್ತ ಅವಳು ಚಪ್ಪಲಿ ಮೆಟ್ಟಿದಳು. ಬಲಗೈಯ ಬೆರಳುಗಳನ್ನು ಒಂದು ಸಲ ಮುಚ್ಚಿ ಬಿಚ್ಚಿ ನೋಡಿಕೊಂಡಳು. ರಾಶಿ ಕಾಳು ನುಜ್ಜಾಗುತ್ತದೆ. ಆಗಲಿ. ಇವತ್ತು ಸಾರು ಗಟ್ಟಿಯಾಗುತ್ತದೆ, ಅಷ್ಟೇ ತಾನೆ. ಶಾಮಿಯಾನದ ಕಂಬ ದಾಟುವಾಗ ನೆನಪಾಗಿ, ತಿರುಗದೆಯೇ ಕೂಗಿದಳು. "ಏ ಗೂಬೆ, ಆ ಕುಕ್ಕರ್ ಹೊತ್ಕೊಂಡು ಬೇಗ ಬಾ. ನಾಳೆ ಮಧ್ಯಾಹ್ನ ಕಾಲೇಜು ಗೀಲೇಜು ಅಂತ ನೆಪ ಹೇಳ್ಬೇಡ. ಬಾರ ಬಿತ್ತು ಅಂತ ಬೀಗ್ಬೇಡ, ನಾನು ಕಟ್ಟೆ ಇಳಿದಿದ್ದು ಯಾಕೆ ಅಂತ ನಿಂಗೆ ಗೊತ್ತಾಗಿದ್ರೆ, ನಾಳೆ ನಿನ್ನ ಮೊದಲ್ನೇ ಕಾಯಿನೇ ಬಯಲಿಗೆ ಇಳಿಸು. ನಾನು ಕಡೀತೀನಿ."